ಸ್ಕ್ಯಾನಿಂಗ್ ಪ್ರೋಬ್‌ನಲ್ಲಿ ಕಪ್ಪು ಗೆರೆ ಬರ್ತಿದೆ. ಹೊಸದು ಕೊಳ್ಳುವಾಗ ಏನು ನೋಡಬೇಕು?

ಡಾಕ್ಟರಮ್ಮ, ಹೊಸನಗರ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ ನಮ್ಮದೊಂದು ಚಿಕ್ಕ ನರ್ಸಿಂಗ್ ಹೋಮ್ ಇದೆ. ಹೆರಿಗೆ ಕೇಸು ಜಾಸ್ತಿ, ಜೊತೆಗೆ ಹೊಟ್ಟೆ ಸ್ಕ್ಯಾನಿಂಗ್. ಮೆಷಿನ್ ತಂದು ಒಂಬತ್ತು ವರ್ಷ ಆಯ್ತು.

ಹೋದ ವಾರ ಒಬ್ಬ ಅಜ್ಜಿಯ ಪಿತ್ತಕೋಶ ನೋಡುತ್ತಿದ್ದೆ. ಕಲ್ಲಿನ ಹಿಂದೆ ಬೀಳುವ ನೆರಳಿನ ಹಾಗೆ ಒಂದು ಕಪ್ಪು ಗೆರೆ ಕಂಡಿತು. ಕಲ್ಲೇ ಇರಬೇಕು ಅಂದುಕೊಂಡೆ. ಮೈಮೇಲೆ ಇಟ್ಟು ಆಡಿಸುವ ಪ್ರೋಬ್ ಸ್ವಲ್ಪ ಸರಿಸಿದೆ. ಪಿತ್ತಕೋಶ ಪಕ್ಕಕ್ಕೆ ಹೋಯಿತು, ಗೆರೆ ಮಾತ್ರ ಇದ್ದಲ್ಲೇ ಇತ್ತು. ಎದೆ ಧಸಕ್ ಅಂದಿತು. ರಾತ್ರಿ ಕೂತು ಹಳೆಯ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಎರಡು ತಿಂಗಳ ಹಿಂದಿನ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಮಸುಕಾಗಿ ಆ ಗೆರೆ ಇದೆ. ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹನ್ನೊಂದು ಜನರನ್ನು ಮತ್ತೆ ಕರೆಸಬೇಕು ಅಂತ ಪಟ್ಟಿ ಮಾಡಿದ್ದೇನೆ. ಅದು ನನ್ನ ಜವಾಬ್ದಾರಿ. ನಿಮ್ಮನ್ನು ಕೇಳಬೇಕಿರುವುದು ಬೇರೆ. ಮಾರುವವರು ಬಂದರೆ ಪರದೆ ಎಷ್ಟು ದೊಡ್ಡದು, ಎಐ ಏನು ಮಾಡುತ್ತೆ ಅಂತಲೇ ಹೇಳುತ್ತಾರೆ. ಪ್ರೋಬ್ ಬಗ್ಗೆ ಕೇಳಿದರೆ "ಸಿಂಗಲ್ ಕ್ರಿಸ್ಟಲ್ ಮೇಡಂ, ಟಾಪ್ ಕ್ವಾಲಿಟಿ" ಅನ್ನುತ್ತಾರೆ. ಹಾಗಂದರೆ ಏನು? ಹಳೆಯ ಮೆಷಿನ್‌ಗೇ ಹೊಸ ಪ್ರೋಬ್ ಹಾಕಿಸಲಾ, ಮೆಷಿನ್ನೇ ಬದಲಿಸಲಾ, ಅಥವಾ ಮೊಬೈಲ್‌ಗೆ ಸಿಕ್ಕಿಸುವ ಚಿಪ್ ಪ್ರೋಬ್ ತರಲಾ? ತಿಳಿದವರು ಬಿಡಿಸಿ ಹೇಳಿ.

ಮೆಷಿನ್ ರಿಪೇರಿ, ಶಿವಮೊಗ್ಗ

ಡಾಕ್ಟ್ರೇ, ಆ ಗೆರೆ ಪರದೆಯ ಮೇಲ್ತುದಿಯಿಂದ, ಅಂದರೆ ಚರ್ಮದಿಂದಲೇ ಶುರುವಾಗುತ್ತಾ? ಹಾಗಿದ್ದರೆ ಅದು ಕಲ್ಲಿನ ನೆರಳಲ್ಲ. ಕಲ್ಲಿನ ನೆರಳು ಕಲ್ಲಿನ ಕೆಳಗಿನಿಂದ ಬೀಳುತ್ತೆ. ನಿಮ್ಮದು ಪ್ರೋಬ್‌ನ ಎಲಿಮೆಂಟ್, ಅಂದರೆ ಒಳಗೆ ಧ್ವನಿ ಕಳಿಸಿ ಕೇಳುವ ಸಣ್ಣ ಹೋಳು, ಸತ್ತಿರುವ ಲಕ್ಷಣ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪ್ರೋಬ್ ಒರೆಸಿ, ಬಾಯಿಗೆ ತೆಳ್ಳಗೆ ಜೆಲ್ ಹಚ್ಚಿ, ಗಾಳಿಯಲ್ಲೇ ಹಿಡಿಯಿರಿ. ಪರದೆಯ ಮೇಲ್ಭಾಗದಲ್ಲಿ ಮಾತ್ರ ಕೆಲವು ಬಿಳಿ ಪಟ್ಟಿ ಕಾಣುತ್ತೆ. ಕಾಗದಕ್ಕೆ ಹಾಕುವ ಪಿನ್ ಕ್ಲಿಪ್ಪನ್ನು ನೇರ ಮಾಡಿ, ಅದರ ಬದಿಯನ್ನು ಪ್ರೋಬ್ ಬಾಯಿಗೆ ಅಡ್ಡಲಾಗಿ ಮುಟ್ಟಿಸಿ. ಚೂಪು ತುದಿ ತಾಗಬಾರದು, ಒತ್ತಲೂಬಾರದು. ಮುಟ್ಟಿದ ಕಡೆ ಪರದೆಯಲ್ಲಿ ಬೆಳ್ಳನೆ ಗೀಟು ಬರುತ್ತೆ. ಕ್ಲಿಪ್ಪನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸರಿಸಿ. ಗೀಟೂ ಜೊತೆಗೇ ಸರಿಯುತ್ತೆ. ಎಲ್ಲಿ ಮಂಕಾಗುತ್ತೋ, ಮಾಯವಾಗುತ್ತೋ, ಅಲ್ಲಿ ಎಲಿಮೆಂಟ್ ಸತ್ತಿದೆ. ಬಾಗಿದ ಬಾಯಿಯ ಕಾನ್ವೆಕ್ಸ್, ನೇರ ಬಾಯಿಯ ಲೀನಿಯರ್ ಎರಡಕ್ಕೂ ಇದು ನಡೆಯುತ್ತೆ. ಹೃದಯಕ್ಕೆ ಬಳಸುವ ಫೇಸ್ಡ್ ಅರೇ ಪ್ರೋಬ್‌ಗೆ ಆಗಲ್ಲ. ಅದರಲ್ಲಿ ಒಂದೊಂದು ಗೆರೆಗೂ ಎಲ್ಲ ಎಲಿಮೆಂಟುಗಳೂ ಒಟ್ಟಿಗೆ ದುಡಿಯುತ್ತವೆ.

ಆಮೇಲೆ ಪ್ರೋಬ್‌ನ ಕುತ್ತಿಗೆ ಹತ್ತಿರ ಕೇಬಲ್ ಸ್ವಲ್ಪ ಅಲುಗಿಸಿ. ಗೆರೆ ಬಂದು ಹೋಗಿ ಮಾಡಿದರೆ ಒಳಗೆ ವೈರ್ ತುಂಡಾಗಿದೆ. ಬೇರೆ ಪ್ರೋಬ್ ಹಾಕಿದಾಗಲೂ ಗೆರೆ ಬಂದರೆ ತಪ್ಪು ಮೆಷಿನ್‌ನದು. ಇಷ್ಟು ನೋಡಿ ಬರೆಯಿರಿ, ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಅಡಿಕೆ ತೋಟ

ನಾನು ಡಾಕ್ಟ್ರೂ ಅಲ್ಲ, ಎಂಜಿನಿಯರೂ ಅಲ್ಲ. ಆದ್ರೂ ಕೇಳ್ತೀನಿ. ಅಷ್ಟು ದೊಡ್ಡ ಮೆಷಿನ್ ಇರುವಾಗ ಕೈಯಲ್ಲಿ ಹಿಡಿಯುವ ಆ ತುಂಡಿನಲ್ಲಿ ಎಂತ ಇರತ್ತೆ ಮಾರಾಯ್ರೇ?

ಮೆಷಿನ್ ರಿಪೇರಿ, ಶಿವಮೊಗ್ಗ

ಚಿತ್ರ ಹುಟ್ಟುವುದೇ ಅಲ್ಲಿ ಅಣ್ಣ. ಒಂದು ಸಲ ಕೆಳಗೆ ಬಿದ್ದು ಪೂರ್ತಿ ಹೋದ ಪ್ರೋಬ್ ಒಂದನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ. ಈಗಲೂ ಮೇಜಿನ ಮೇಲಿದೆ, ಅದನ್ನೇ ನೋಡಿಕೊಂಡು ಹೇಳ್ತೀನಿ.

ಮೈಗೆ ತಾಗುವುದು ಬೂದು ಬಣ್ಣದ ಸಿಲಿಕೋನ್ ರಬ್ಬರ್. ಅದೇ ಲೆನ್ಸ್. ಅದನ್ನು ಸುಲಿದರೆ ಕೆಳಗೆ ಎರಡು ತೆಳು ಪದರ, ಉಗುರಿಗಿಂತ ತೆಳ್ಳಗೆ. ಅದರ ಕೆಳಗೆ ಕ್ರಿಸ್ಟಲ್. ಹೊಟ್ಟೆಯ ಪ್ರೋಬ್‌ನಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದನ್ನು ಬಾಳೆದಿಂಡು ಹೆಚ್ಚಿದ ಹಾಗೆ 128 ಹೋಳು ಮಾಡಿರುತ್ತಾರೆ. ಹೋಳುಗಳ ನಡುವಿನ ಸಂದಿ ಬರಿಗಣ್ಣಿಗೆ ಕಾಣಲ್ಲ, ಭೂತಗನ್ನಡಿ ಬೇಕು. ಒಂದೊಂದು ಹೋಳಿಗೂ ಒಂದೊಂದು ವೈರ್. ಹೊರಗಿಂದ ನೋಡಿದರೆ ಕೇಬಲ್ ಒಂದೇ, ಸೀಳಿದರೆ ನೂರಕ್ಕೂ ಹೆಚ್ಚು ಕೂದಲಿನಂಥ ವೈರುಗಳು. ಅದನ್ನು ಮಡಚಿ ಗಾಡಿಯ ಚಕ್ರದ ಕೆಳಗೆ ಸಿಕ್ಕಿಸಿದರೆ ಏನಾಗುತ್ತೆ ಹೇಳಿ.

ಎಲ್ಲಕ್ಕಿಂತ ಹಿಂದೆ ಒಂದು ಭಾರದ ಕಪ್ಪು ದಿಮ್ಮಿ ಇರುತ್ತೆ. ಎಪಾಕ್ಸಿ ಅಂಟಿಗೆ ಟಂಗ್‌ಸ್ಟನ್ ಪುಡಿ ಕಲಸಿ ಮಾಡಿದ್ದು. ಅದು ಯಾಕೆ ಅಂತ ನಮ್ಮ ಸಾಗರದ ಮೇಷ್ಟ್ರು ಚೆನ್ನಾಗಿ ಹೇಳ್ತಾರೆ.

ಫಿಸಿಕ್ಸ್ ಮೇಷ್ಟ್ರು, ಸಾಗರ

ಕರೆದಿದ್ದಕ್ಕೆ ಸಂತೋಷ. ದಿಮ್ಮಿಯಿಂದಲೇ ಶುರು ಮಾಡ್ತೀನಿ. ಗಂಟೆ ಬಾರಿಸಿದರೆ ಬಹಳ ಹೊತ್ತು ಗುಂಯ್ ಅನ್ನುತ್ತೆ. ಬಾರಿಸಿದ ತಕ್ಷಣ ಕೈಯಲ್ಲಿ ಹಿಡಿದರೆ ಟಣ್ ಅಂತ ನಿಲ್ಲುತ್ತೆ. ಕ್ರಿಸ್ಟಲ್‌ಗೆ ಕರೆಂಟ್ ಕೊಟ್ಟಾಗ ಅದೂ ಗಂಟೆಯ ಹಾಗೆ ನಡುಗುತ್ತೆ. ನಡುಕ ಬೇಗ ನಿಲ್ಲಬೇಕು. ಇಲ್ಲದಿದ್ದರೆ ಹತ್ತಿರ ಹತ್ತಿರ ಇರುವ ಎರಡು ಚುಕ್ಕೆಗಳ ಪ್ರತಿಧ್ವನಿ ಒಂದಕ್ಕೊಂದು ಬೆರೆತು ಒಂದೇ ಚುಕ್ಕೆಯಾಗಿ ಕಾಣುತ್ತೆ. ಆ ದಿಮ್ಮಿ ಗಂಟೆ ಹಿಡಿಯುವ ಕೈ ಇದ್ದ ಹಾಗೆ.

ಇನ್ನು ಆ ಎರಡು ತೆಳು ಪದರ. ತರಗತಿಯಲ್ಲಿ ನಾನು ಬಾವಿ ಹಗ್ಗಕ್ಕೆ ಒಂದು ತೆಳು ದಾರ ಕಟ್ಟಿ ಒದರಿ ತೋರಿಸ್ತೀನಿ. ಅಲೆ ಗಂಟಿನವರೆಗೆ ಹೋಗಿ ಅಲ್ಲಿಂದ ಬಹುಪಾಲು ವಾಪಸ್ ಬರುತ್ತೆ. ನಡುವೆ ಮಧ್ಯಮ ದಪ್ಪದ ಇನ್ನೊಂದು ಹಗ್ಗ ಕಟ್ಟಿದರೆ ಜಾಸ್ತಿ ಅಲೆ ದಾಟಿ ಹೋಗುತ್ತೆ. ಕ್ರಿಸ್ಟಲ್ ಬಾವಿ ಹಗ್ಗ, ನಮ್ಮ ಮೈ ತೆಳು ದಾರ. ಧ್ವನಿ ಸಾಗಲು ಎರಡೂ ಒಡ್ಡುವ ತಡೆಯ ಅಳತೆ ಒಂದೇ ಅಲ್ಲ. ಕ್ರಿಸ್ಟಲ್‌ನದು ಸುಮಾರು 33, ಮೈಯದು ಸುಮಾರು 1.6. ನೇರವಾಗಿ ಮುಟ್ಟಿಸಿದರೆ ನೂರಕ್ಕೆ ಎಂಬತ್ತು ಪಾಲು ಶಕ್ತಿ ಅಲ್ಲೇ ಹಿಂದಕ್ಕೆ ತಿರುಗುತ್ತೆ. ನಡುವೆ ಬೇಕಾದ ಮಧ್ಯಮ ಹಗ್ಗವೇ ಆ ಪದರಗಳು. ಅವುಗಳ ದಪ್ಪ ತರಂಗದ ಉದ್ದದ ಕಾಲು ಭಾಗದಷ್ಟೇ ಇರಬೇಕು. ಜೆಲ್ ಹಚ್ಚುವುದೂ ಇದೇ ಕಾರಣಕ್ಕೆ. ನಡುವೆ ಗಾಳಿ ಉಳಿದರೆ ಹೆಚ್ಚುಕಡಿಮೆ ಪೂರ್ತಿ ಧ್ವನಿ ವಾಪಸ್.

ಈಗ ಡಾಕ್ಟ್ರು ಕೇಳಿದ ಸಿಂಗಲ್ ಕ್ರಿಸ್ಟಲ್. 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಅಣ್ಣತಮ್ಮಂದಿರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಕಂಡುಹಿಡಿದರು. ಮೊದಲನೇ ಮಹಾಯುದ್ಧದ ಹೊತ್ತಿಗೆ ಲ್ಯಾಂಜೆವಿನ್ ಸ್ಫಟಿಕ ಬಳಸಿ ನೀರೊಳಗಿನ ಸಬ್‌ಮರೀನ್ ಹುಡುಕಲು ಹೊರಟರು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಜೊತೆಯವರು ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪಿಜಡ್‌ಟಿ ಬಂತು. ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಸೆರಾಮಿಕ್. ಕ್ರಿಸ್ಟಲ್ ಅಂತ ಎಲ್ಲರೂ ಕರೆದರೂ ಅದು ಒಂದೇ ಹರಳಲ್ಲ. ಪುಡಿಯನ್ನು ಒತ್ತಿ, ಕುಂಬಾರ ಮಡಕೆ ಸುಡುವ ಹಾಗೆ ಸುಟ್ಟು ಮಾಡಿದ್ದು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನೆಸಿಕೊಳ್ಳಿ. ಮುರಿದು ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ಕಣ, ಒಂದೊಂದರ ಮುಖ ಒಂದೊಂದು ಕಡೆ. ದೊಡ್ಡ ವೋಲ್ಟೇಜ್ ಕೊಟ್ಟು ಅವನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುತ್ತಾರೆ, ಆದರೆ ಎಲ್ಲವೂ ಪೂರ್ತಿ ತಿರುಗಲ್ಲ.

ಸಿಂಗಲ್ ಕ್ರಿಸ್ಟಲ್ ಅಂದರೆ ಕಲ್ಲುಸಕ್ಕರೆ. ಇಡೀ ತುಂಡೇ ಒಂದು ಹರಳು. ಪಿಎಂಎನ್-ಪಿಟಿ ಅನ್ನುವ ಜಾತಿ. 1990ರ ದಶಕದ ಕೊನೆಗೆ ಇದರ ಶಕ್ತಿ ಏನು ಅಂತ ಗೊತ್ತಾಯಿತು, 2004ರ ಹೊತ್ತಿಗೆ ಆಸ್ಪತ್ರೆಯ ಪ್ರೋಬ್‌ಗಳಲ್ಲಿ ಬಂತು. ಕರೆಂಟನ್ನು ನಡುಕವಾಗಿ, ನಡುಕವನ್ನು ಕರೆಂಟಾಗಿ ಬದಲಿಸುವ ಸಾಮರ್ಥ್ಯಕ್ಕೆ ಒಂದು ಅಳತೆ ಇದೆ. ಪಿಜಡ್‌ಟಿಗೆ ಅದು ಸುಮಾರು 0.7, ಈ ಹರಳಿಗೆ ಸುಮಾರು 0.9. ಕೇಳಲು ಚಿಕ್ಕ ವ್ಯತ್ಯಾಸ. ಆದರೆ ಶಕ್ತಿಯ ಲೆಕ್ಕಕ್ಕೆ ಅದನ್ನು ಅದರಿಂದಲೇ ಗುಣಿಸಬೇಕು. ಒಂದು ಅರ್ಧದಷ್ಟು ಬದಲಿಸಿದರೆ ಇನ್ನೊಂದು ಐದರಲ್ಲಿ ನಾಲ್ಕು ಪಾಲು ಬದಲಿಸುತ್ತೆ.

ಇದು ಯಾಕೆ ಮುಖ್ಯ? ಸೆಕೆಂಡಿಗೆ 35 ಲಕ್ಷ ಸಲ ನಡುಗುವ, ಅಂದರೆ 3.5 ಮೆಗಾಹರ್ಟ್ಸ್ ಧ್ವನಿ 15 ಸೆಂಟಿಮೀಟರ್ ಒಳಗೆ ಹೋಗಿ ವಾಪಸ್ ಬರುವಷ್ಟರಲ್ಲಿ, ದಾರಿಯ ಸವೆತವನ್ನೇ ಲೆಕ್ಕ ಹಾಕಿದರೂ, ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿಯುತ್ತೆ. ಆ ಪಿಸುಮಾತನ್ನು ಕೇಳಿಸಿಕೊಳ್ಳುವ ಕಿವಿ ಅದು. ಕಿವಿ ಮಂದವಾದರೆ ಆಮೇಲೆ ಯಾವ ಸಾಫ್ಟ್‌ವೇರ್ ಬಂದರೂ ಕೇಳದೇ ಇದ್ದದ್ದನ್ನು ಕೇಳಿಸಲಾರದು. ಎಐ ಬಗ್ಗೆ ನನಗೆ ವಿರೋಧ ಇಲ್ಲ. ಕೊಳ್ಳುವಾಗ ಮೊದಲು ಕಿವಿ ನೋಡಿ, ಆಮೇಲೆ ಉಳಿದದ್ದು ಅಂತ ನನ್ನ ಮಾತು.

ಅಡಿಕೆ ತೋಟ

ಕಲ್ಲುಸಕ್ಕರೆ ಅಂದಿದ್ದು ಸರಿಯಾಗಿ ತಲೆಗೆ ಹೋಯ್ತು ಮೇಷ್ಟ್ರೇ. ಧನ್ಯವಾದ.

ಮೆಷಿನ್ ರಿಪೇರಿ, ಶಿವಮೊಗ್ಗ

ಮೇಷ್ಟ್ರ ಮಾತಿಗೆ ಎರಡು ಸೇರಿಸ್ತೀನಿ. ಒಂದು, ಸಿಂಗಲ್ ಕ್ರಿಸ್ಟಲ್‌ಗೆ ಬಿಸಿ ಆಗಿ ಬರಲ್ಲ. 100 ಡಿಗ್ರಿ ಮುಟ್ಟುವ ಮೊದಲೇ ಅದರ ಗುಣ ಕೆಡಲು ಶುರು. ಹೊಸ ಮಿಶ್ರಣಗಳಲ್ಲಿ ಇಂಡಿಯಂ ಸೇರಿಸಿ ಇದನ್ನು ಸ್ವಲ್ಪ ಮೇಲಕ್ಕೆ ಏರಿಸಿದ್ದಾರೆ. ಮಾಮೂಲಿ ಸ್ಕ್ಯಾನಿಂಗ್‌ಗೆ ತೊಂದರೆ ಇಲ್ಲ, ಯಾಕಂದ್ರೆ ಮೈಗೆ ತಾಗುವ ಮುಖ 43 ಡಿಗ್ರಿ ದಾಟಬಾರದು ಅಂತಲೇ ನಿಯಮ ಇದೆ. ಆದರೆ ಯಾವ ಪ್ರೋಬನ್ನೂ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಬೇಡಿ. ಒಂದು ಕಡೆ ಹೊಸ ಹುಡುಗನೊಬ್ಬ ಕತ್ತರಿ, ಚಿಮುಟಗಳ ಜೊತೆ ಪ್ರೋಬನ್ನೂ ಹಾಕಿಬಿಟ್ಟಿದ್ದ. ಹೊರಗೆ ನೋಡಿದರೆ ಏನೂ ಆಗಿರಲಿಲ್ಲ. ಪರದೆ ಮಾತ್ರ ಕತ್ತಲು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಪ್ಪು ಅವನದಲ್ಲ.

ಎರಡು, ಹಳೆಯ ಮೆಷಿನ್‌ಗೆ ಸಿಂಗಲ್ ಕ್ರಿಸ್ಟಲ್ ಪ್ರೋಬ್ ಸುಮ್ನೆ ಸಿಕ್ಕಿಸಿದರೆ ನಡೆಯಲ್ಲ. ಆ ಮಾಡೆಲ್ ಅದನ್ನು ಗುರುತಿಸಬೇಕು, ಅದರ ಎಲೆಕ್ಟ್ರಾನಿಕ್ಸ್ ಅದಕ್ಕೆ ಹೊಂದಬೇಕು. ಕೊಳ್ಳುವ ಮೊದಲು ಮೆಷಿನ್‌ನ ಪ್ರೋಬ್ ಪಟ್ಟಿ ಕೇಳಿ. ಕಾಂಪೊಸಿಟ್ ಅಂತ ಇನ್ನೊಂದು ನಡುವಿನ ದಾರಿ ಇದೆ. ಪಿಜಡ್‌ಟಿಯ ಸಣ್ಣ ಕಂಬಗಳ ನಡುವೆ ಪ್ಲಾಸ್ಟಿಕ್ ಅಂಟು ತುಂಬಿದ್ದು. ಮೇಷ್ಟ್ರು ಹೇಳಿದ ಹಗ್ಗ ಅಲ್ಲೇ ಸ್ವಲ್ಪ ತೆಳ್ಳಗಾಗುತ್ತೆ.

ತೀರ್ಥಹಳ್ಳಿ ಹುಡುಗಿ, ಎಂ.ಟೆಕ್

ಚಿಪ್ ಪ್ರೋಬ್ ಬಗ್ಗೆ ನಾನು ಹೇಳಲಾ? ನನ್ನ ಪ್ರಾಜೆಕ್ಟ್ ಅದರ ಹತ್ತಿರದ್ದೇ.

ಇದರಲ್ಲಿ ಸುಟ್ಟ ಸೆರಾಮಿಕ್ಕೂ ಇಲ್ಲ, ಹೋಳು ಮಾಡುವ ಕೆಲಸವೂ ಇಲ್ಲ. ಮೊಬೈಲ್ ಚಿಪ್ ಮಾಡುವ ಹಾಗೆ ಸಿಲಿಕಾನ್ ಮೇಲೆ ಸಾವಿರಾರು ಚಿಕ್ಕ ಡೋಲುಗಳನ್ನು ಮಾಡುತ್ತಾರೆ. ಒಂದೊಂದರ ಬಾಯಿಗೆ ತೆಳು ಪೊರೆ, ಕೆಳಗೆ ಖಾಲಿ ಜಾಗ. ವೋಲ್ಟೇಜ್ ಕೊಟ್ಟರೆ ಪೊರೆ ನಡುಗುತ್ತೆ, ಧ್ವನಿ ಬಂದು ತಾಗಿದರೂ ನಡುಗುತ್ತೆ. ಇದಕ್ಕೆ ಸಿಮಟ್ ಅಂತ ಹೆಸರು. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಖುರಿ ಯಾಕೂಬ್ ಅವರ ತಂಡ ಇದರ ಮೇಲೆ ದುಡಿಯಿತು. 2017ರಲ್ಲಿ ಬಟರ್‌ಫ್ಲೈ ಐಕ್ಯೂ ಪ್ರೋಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಒಂದೇ ಚಿಪ್ ಮೇಲೆ ಸುಮಾರು 9,000 ಡೋಲುಗಳಿವೆ. ಪೊರೆ ಹಗುರ, ಹಾಗಾಗಿ ಬೇರೆ ಬೇರೆ ಮೆಗಾಹರ್ಟ್ಸ್‌ನಲ್ಲಿ ನಡುಗಬಲ್ಲದು. ಹೊಟ್ಟೆಗೂ ರಕ್ತನಾಳಕ್ಕೂ ಒಂದೇ ಪ್ರೋಬ್ ಸಾಕಾಗುವುದು ಹೀಗೆ. ಇನ್ನೊಂದು ಜಾತಿ ಪಿಮಟ್. ಅದರಲ್ಲಿ ಪೊರೆಯ ಮೇಲೆಯೇ ತೆಳು ಪೀಜೋ ಪದರ, ಅಂದರೆ ಒತ್ತಿದರೆ ವಿದ್ಯುತ್ ಹುಟ್ಟುವ ಪದರ ಇರುತ್ತೆ.

ಆದರೆ ಮೇಡಂ, ಆಳಕ್ಕೆ ಧ್ವನಿ ತಳ್ಳುವ ಬಲದಲ್ಲಿ ಒಳ್ಳೆಯ ಕ್ರಿಸ್ಟಲ್ ಪ್ರೋಬ್ ಇನ್ನೂ ಮುಂದಿದೆ. ದಪ್ಪ ಮೈಯವರ ಲಿವರ್ ನೋಡುವಾಗ ವ್ಯತ್ಯಾಸ ಗೊತ್ತಾಗುತ್ತೆ. ಚಿಪ್, ಬ್ಯಾಟರಿ ಎಲ್ಲ ಹಿಡಿಕೆಯಲ್ಲೇ ಇರುವುದರಿಂದ ಬಹಳ ಹೊತ್ತು ಓಡಿಸಿದರೆ ಬಿಸಿಯೂ ಆಗುತ್ತೆ. ಮಗುವಿನ ಹೃದಯ ಬಡಿತ ಇದೆಯಾ, ತಲೆ ಕೆಳಗಿದೆಯಾ, ಹೊಟ್ಟೆಯಲ್ಲಿ ರಕ್ತ ಸೋರಿದೆಯಾ ಅಂತ ತಟ್ಟನೆ ನೋಡಲು ಬಹಳ ಒಳ್ಳೆಯದು. ಐದು ತಿಂಗಳ ಪೂರ್ತಿ ಸ್ಕ್ಯಾನ್‌ಗೆ ದೊಡ್ಡ ಮೆಷಿನ್ ಬಿಡಬೇಡಿ.

ಹಿನ್ನೀರಿನ ಆಚೆ

ನಾನು ಶರಾವತಿ ಹಿನ್ನೀರಿನ ಆಚೆಯವಳು. ಏಳು ತಿಂಗಳಿದ್ದಾಗ ಬೆಳಿಗ್ಗೆ ಕತ್ತಲಲ್ಲೇ ಹೊರಟು, ಲಾಂಚ್ ದಾಟಿ, ಬಸ್ ಹಿಡಿದು ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಮಧ್ಯಾಹ್ನ ಎರಡಕ್ಕೆ ಒಳಗೆ ಕರೆದರು. ಚಿತ್ರ ಸರಿ ಬರ್ತಿಲ್ಲ, ಶಿವಮೊಗ್ಗಕ್ಕೆ ಹೋಗಿ ಅಂದರು. ನನ್ನ ಮೈಯಲ್ಲೇ ಏನೋ ತೊಂದರೆ ಅಂತ ದಾರಿಯುದ್ದಕ್ಕೂ ಅತ್ತೆ. ಇದನ್ನೆಲ್ಲ ಓದಿದ ಮೇಲೆ, ತೊಂದರೆ ಪ್ರೋಬ್‌ನದೂ ಆಗಿರಬಹುದಿತ್ತು ಅಂತ ಈಗ ಅನ್ನಿಸ್ತಿದೆ. ಆ ಮೊಬೈಲ್ ಪ್ರೋಬನ್ನು ನರ್ಸಮ್ಮನೋ ಆಶಾ ಅಕ್ಕನೋ ಮನೆಗೇ ತಂದು ನೋಡಲು ಆಗಲ್ವಾ?

ಡಾಕ್ಟರಮ್ಮ, ಹೊಸನಗರ

ನಿಮ್ಮ ಮಾತು ಓದಿ ಸಂಕಟ ಆಯಿತಮ್ಮ. ಚಿತ್ರ ಸರಿ ಬರದಿರಲು ಮಗು ಮಲಗಿದ ರೀತಿ, ಗರ್ಭದ ನೀರು ಕಡಿಮೆ ಇರುವುದು, ಹೀಗೆ ಬೇರೆ ಕಾರಣಗಳೂ ಇರುತ್ತವೆ. ಯಾವುದೇ ಆಗಿರಲಿ, ತಪ್ಪು ನಿಮ್ಮದಲ್ಲ. ಕಾರಣ ಏನು ಅಂತ ಅಲ್ಲೇ ಎರಡು ಮಾತು ಹೇಳಬೇಕಿತ್ತು.

ಮನೆಗೆ ತರುವ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಎಲ್ಲ ಸ್ಕ್ಯಾನಿಂಗ್ ಸೆಂಟರ್‌ನಲ್ಲೂ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅಂತ ಬೋರ್ಡ್ ನೋಡಿರ್ತೀರಿ. ಅದು 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಅಂಗೈಯಗಲದ ಪ್ರೋಬ್ ಆದರೂ ನೋಂದಣಿ ಬೇಕೇ ಬೇಕು. ನೋಂದಣಿ ಇಲ್ಲದವರಿಗೆ ಮಾರುವ ಹಾಗೂ ಇಲ್ಲ. ಕೈಯಲ್ಲಿ ಹಿಡಿದು ಓಡಾಡುವಂಥದ್ದನ್ನು ನೋಂದಾಯಿಸಿದ ಆಸ್ಪತ್ರೆಯೊಳಗೆ ದಾಖಲಾದವರಿಗೆ ಬಳಸಬಹುದು, ಅಥವಾ ಬೇರೆ ಚಿಕಿತ್ಸೆಗಳನ್ನೂ ಕೊಡುವ ಸಂಚಾರಿ ಆಸ್ಪತ್ರೆಯ ಗಾಡಿಯಲ್ಲಿ ಬಳಸಬಹುದು. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಕಾನೂನು, ಅದನ್ನು ಸಡಿಲ ಮಾಡಿ ಅಂತ ನಾನು ಕೇಳಲಾರೆ. ಆದರೆ ಅಂಥ ಗಾಡಿ ಹಿನ್ನೀರಿನ ಆಚೆಗೆ ವಾರಕ್ಕೊಮ್ಮೆ ಬರಲಿ ಅಂತ ಕೇಳುವುದು ನಿಮ್ಮ ಹಕ್ಕು. ನಾವೂ ಜೊತೆಗೆ ಕೇಳೋಣ.

ಗೋಡಾಕ್ಟ್ರು

ನಾನು ದನದ ಡಾಕ್ಟರ್. ನಮ್ಮ ಪ್ರೋಬ್ ಪಡುವ ಪಾಡು ಯಾರಿಗೂ ಬೇಡ. ಸಗಣಿ, ಮಳೆ, ಬೈಕಿನ ಡಿಕ್ಕಿ. ಹಸುವಿಗೆ ಕೈಯಲ್ಲಿ ಮುಟ್ಟಿ ನೋಡಿದರೆ ಗಬ್ಬ ನಿಂತಿದ್ದು ತಿಳಿಯಲು ಒಂದೂವರೆ, ಎರಡು ತಿಂಗಳು ಬೇಕು. ಪ್ರೋಬ್‌ನಲ್ಲಿ ಒಂದು ತಿಂಗಳಿಗೇ ಗೊತ್ತಾಗುತ್ತೆ. ಮಲೆನಾಡು ಗಿಡ್ಡದಂಥ ಚಿಕ್ಕ ಹಸುವಿಗೆ ಸಪೂರ ಪ್ರೋಬ್ ಆದರೆ ಎಷ್ಟೋ ಅನುಕೂಲ.

ನನ್ನ ಅನುಭವದಲ್ಲಿ ಕ್ರಿಸ್ಟಲ್‌ಗಿಂತ ಮೊದಲು ಹೋಗುವುದು ಕೇಬಲ್ ಕುತ್ತಿಗೆ. ಎರಡನೆಯದು ಮಳೆಗಾಲದ ತೇವ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜುಲೈನಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಕನೆಕ್ಟರ್ ಪಿನ್ ಹಸಿರುಗಟ್ಟದೆ ಇರುತ್ತಾ? ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ. ಸ್ಕ್ಯಾನಿಂಗ್‌ಗೆ ಹಚ್ಚುವ ಜೆಲ್ ಮುಗಿಯಿತು ಅಂತ ಎಣ್ಣೆ ಹಚ್ಚಲೂಬೇಡಿ, ರಬ್ಬರ್ ಉಬ್ಬಿ ಬಿಟ್ಟುಕೊಳ್ಳುತ್ತೆ.

ತೀರ್ಥಹಳ್ಳಿ ಹುಡುಗಿ, ಎಂ.ಟೆಕ್

ಜೆಲ್ ಅಂದಾಗ ನೆನಪಾಯ್ತು. 2022ರಲ್ಲಿ ಅಮೆರಿಕದ ಎಂಐಟಿಯ ಷುವಾನ್ಹೆ ಝಾವೋ ಅವರ ತಂಡ ಮೈಗೆ ಅಂಟಿಸುವ ಅಲ್ಟ್ರಾಸೌಂಡ್ ಪಟ್ಟಿ ತೋರಿಸಿತು. ಅಂಚೆ ಚೀಟಿಯಷ್ಟು ಅಗಲ. ಅದರ ಜಾಣತನ ಇರುವುದು ಜೆಲ್‌ನಲ್ಲಿ. ನೀರು ತುಂಬಿದ ಹೈಡ್ರೋಜೆಲ್ಲನ್ನು ಎರಡು ತೆಳು ರಬ್ಬರ್ ಹಾಳೆಗಳ ನಡುವೆ ಮುಚ್ಚಿದ್ದಾರೆ, ಹಾಗಾಗಿ ಒಣಗಲ್ಲ. 48 ಗಂಟೆ ಅಂಟಿಕೊಂಡೇ ಇದ್ದು ಹೃದಯ, ಶ್ವಾಸಕೋಶಗಳ ಚಿತ್ರ ಕೊಟ್ಟಿತು. ಆಗ ಅದಕ್ಕೆ ವೈರ್ ಬೇಕಿತ್ತು. ಹೆರಿಗೆ ವಾರ್ಡಿನಲ್ಲಿ ಇಂಥದ್ದು ಬರುವ ದಿನ ನೋಡಬೇಕು ಅಂತ ನನಗೆ ಬಹಳ ಆಸೆ.

ಇನ್ನೊಂದು ವಿಷಯ. ಪಿಜಡ್‌ಟಿಯ ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಸೀಸ. ಸೀಸ ಇಲ್ಲದ ವಸ್ತುಗಳನ್ನೂ ಹುಡುಕುತ್ತಿದ್ದಾರೆ. ಪೊಟ್ಯಾಸಿಯಂ, ಸೋಡಿಯಂ, ನಿಯೋಬಿಯಂ ಸೇರಿದ ಒಂದು ಸೆರಾಮಿಕ್ 2004ರಲ್ಲಿ ದೊಡ್ಡ ಭರವಸೆ ಹುಟ್ಟಿಸಿತು. ಎಲ್ಲ ಗುಣದಲ್ಲೂ ಪಿಜಡ್‌ಟಿಯನ್ನು ಸರಿಗಟ್ಟುವುದು ಕಷ್ಟ. ಅಲ್ಲಿಯವರೆಗೆ ಕೆಟ್ಟ ಪ್ರೋಬನ್ನು ಗುಜರಿಗೆ ಹಾಕಬೇಡಿ, ತುಂಗೆಯ ದಡದ ಕಸಕ್ಕಂತೂ ಬೇಡವೇ ಬೇಡ. ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ.

ಮೆಷಿನ್ ರಿಪೇರಿ, ಶಿವಮೊಗ್ಗ

ನನ್ನ ಮೇಜಿನ ಕೆಳಗೆ ಅಂಥವು ಹದಿನಾಲ್ಕು ಇವೆ ತಂಗಿ. ಈ ತಿಂಗಳು ಕೊಟ್ಟುಬಿಡ್ತೀನಿ.

ಡಾಕ್ಟರಮ್ಮ, ಹೊಸನಗರ

ಬರೆಯುವುದು ತಡವಾಯಿತು, ಕ್ಷಮಿಸಿ. ಮೂರು ದಿನ ಕರೆಂಟ್ ಸರಿ ಇರಲಿಲ್ಲ.

ಕ್ಲಿಪ್ ಪರೀಕ್ಷೆ ಮಾಡಿದೆ. ನಮ್ಮ ಸಿಸ್ಟರ್ ಕ್ಲಿಪ್ ಸರಿಸಿದರು, ನಾನು ಪರದೆ ನೋಡಿದೆ. ಎಡತುದಿಯಿಂದ ಸುಮಾರು ಮೂರನೇ ಒಂದು ಭಾಗದ ಹತ್ತಿರ ಗೀಟು ಪೂರ್ತಿ ಮಾಯ, ಬಲಕ್ಕೆ ಇನ್ನೊಂದು ಕಡೆ ಮಂಕು. ಕೇಬಲ್ ಅಲುಗಿಸಿದರೆ ಏನೂ ಬದಲಾಗಲಿಲ್ಲ. ಇನ್ನೊಂದು ಪ್ರೋಬ್‌ನಲ್ಲಿ ಗೆರೆ ಇಲ್ಲ. ಅಂದರೆ ಕ್ರಿಸ್ಟಲ್ಲೇ ಹೋಗಿದೆ. ಆಮೇಲೆ ಆಯಾ ಅಳುತ್ತಾ ಬಂದು, ಯುಗಾದಿ ಹೊತ್ತಿಗೆ ಒರೆಸುವಾಗ ಕೈ ಜಾರಿ ಬಿದ್ದಿತ್ತು, ಹೆದರಿ ಹೇಳಲಿಲ್ಲ ಅಂದರು. ಬೈಯಲಿಲ್ಲ. ಬಿದ್ದರೆ ಆ ಕ್ಷಣವೇ ಹೇಳಿ, ಸಂಬಳದಲ್ಲಿ ಒಂದು ರೂಪಾಯಿಯೂ ಹಿಡಿಯಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ.

ನಮ್ಮ ಮೆಷಿನ್‌ನ ಪಟ್ಟಿಯಲ್ಲಿ ಸಿಂಗಲ್ ಕ್ರಿಸ್ಟಲ್ ಇಲ್ಲ. ಹಾಗಾಗಿ ಈಗ ಅದೇ ಜಾತಿಯ ಹೊಸ ಕಾನ್ವೆಕ್ಸ್ ಪ್ರೋಬ್ ತರಿಸಿದೆ. ಬಿದ್ದರೂ ವಾರಂಟಿ ಸಿಗುವ ಹಾಗೆ ಬರೆಸಿಕೊಂಡಿದ್ದೇನೆ. ಎರಡು ವರ್ಷ ಬಿಟ್ಟು ಮೆಷಿನ್ ಬದಲಿಸುವಾಗ ಮೊದಲ ಪ್ರಶ್ನೆ ಪ್ರೋಬ್ ಬಗ್ಗೆಯೇ. ಹೆರಿಗೆ ಕೋಣೆಗೆ ಚಿಪ್ ಪ್ರೋಬ್ ಬೇಕು ಅನ್ನಿಸಿದೆ, ಅದರ ನೋಂದಣಿಗೆ ಅರ್ಜಿ ಕೊಡ್ತೀನಿ. ಪ್ರತಿ ತಿಂಗಳ ಒಂದನೇ ತಾರೀಖು ಕ್ಲಿಪ್ ಪರೀಕ್ಷೆ ಮಾಡಿ ಸಿಸ್ಟರ್ ಪುಸ್ತಕದಲ್ಲಿ ಬರೆದಿಡ್ತಾರೆ.

ಹನ್ನೊಂದು ಜನರಲ್ಲಿ ಹತ್ತು ಜನ ಬಂದು ಹೋದರು. ಅಜ್ಜಿಗೆ ಕಲ್ಲಿಲ್ಲ. ಆದರೆ ರಿಪ್ಪನ್‌ಪೇಟೆ ಕಡೆಯ ಒಬ್ಬರಿಗೆ, ಹಳೆಯ ಚಿತ್ರದಲ್ಲಿ ಆ ಗೆರೆ ಬಿದ್ದ ಜಾಗದಲ್ಲೇ, ಬಲ ಮೂತ್ರಪಿಂಡದಲ್ಲಿ ಆರು ಮಿಲಿಮೀಟರ್ ಕಲ್ಲು ಸಿಕ್ಕಿತು. ಎರಡು ತಿಂಗಳಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರು. ಎದುರಿಗೆ ಕೂರಿಸಿಕೊಂಡು ಎರಡೂ ಚಿತ್ರ ತೋರಿಸಿ, ಹೀಗಾಯಿತು ಅಂತ ಹೇಳಿದೆ. ಹನ್ನೊಂದನೆಯವರು ಫೋನ್ ಎತ್ತುತ್ತಿಲ್ಲ. ಭಾನುವಾರ ಅವರ ಊರಿಗೇ ಹೋಗಿ ಬರ್ತೀನಿ.